ಗಡಿಯಾರದೊಡನೆ ಪಂದ್ಯ

ಸೈಕಲ್ಲಿನ ಟೈಮ್ ಟ್ರಯಲ್‌ನಲ್ಲಿ ಸವಾರರು ಒಬ್ಬೊಬ್ಬರಾಗಿ ಹೊರಡುತ್ತಾರೆ. ಇನ್ನೊಬ್ಬನ ಬೆನ್ನ ಮರೆಯಲ್ಲಿ ಗಾಳಿ ತಪ್ಪಿಸಿಕೊಳ್ಳುವುದು ನಿಷಿದ್ಧ. ಗಾಳಿಯನ್ನು ಸೀಳಲು ಬೇಕಾದ ಶಕ್ತಿಯು ವೇಗದ ಘನದಂತೆ ಏರುವುದರಿಂದ, ಗಂಟೆಗೆ 30 ಕಿ.ಮೀ. ವೇಗವನ್ನು 40ಕ್ಕೇರಿಸಲು ಅದು ಇಮ್ಮಡಿಗೂ ಮಿಗಿಲಾಗಿ ಬೇಕು. ಆದುದರಿಂದ ಹವ್ಯಾಸಿಯು ಆರಂಭದಲ್ಲಿಯೇ ಬಲವನ್ನೆಲ್ಲ ವ್ಯಯಿಸಬಾರದು. 1989ರ ಟೂರ್ ಡಿ ಫ್ರಾನ್ಸ್‌ನಲ್ಲಿ 50 ಸೆಕೆಂಡು ಹಿಂದಿದ್ದ ಗ್ರೆಗ್ ಲೆಮಾಂಡ್, ಕೊನೆಯ ದಿನದ 24.5 ಕಿ.ಮೀ. ಟೈಮ್ ಟ್ರಯಲ್‌ನಿಂದ ಇಡೀ ಸ್ಪರ್ಧೆಯನ್ನು 8 ಸೆಕೆಂಡುಗಳಲ್ಲಿ ಗೆದ್ದನು.

ನಾಂದಣಿ, ಜಯಸಿಂಗಪುರದ ಕಡೆಯ ತರುಣರು ಇಂಥ ಪಂದ್ಯವನ್ನು ಹೂಡಬಯಸಿದರೆ ಕಾನೂನಿನ ಮಾತೊಂದಿದೆ. ಅನುಮತಿಯಿಲ್ಲದ ವೇಗಸ್ಪರ್ಧೆಯನ್ನು ದಂಡಿಸುವ 1988ರ ಮೋಟಾರು ವಾಹನ ಕಾಯ್ದೆಯ 189ನೆಯ ಕಲಮು ಮೋಟಾರು ವಾಹನಗಳಿಗೆ ಮಾತ್ರ ಅನ್ವಯಿಸುತ್ತದೆ. ಸೈಕಲ್ಲು ಅದರೊಳಗೆ ಬಾರದು. ಆದರೆ ಭಾರತೀಯ ನ್ಯಾಯ ಸಂಹಿತೆಯ 281ನೆಯ ಕಲಮು, ಸಾರ್ವಜನಿಕ ದಾರಿಯಲ್ಲಿ ಪ್ರಾಣಾಪಾಯವಾಗುವಂತೆ ಯಾವುದೇ ವಾಹನವನ್ನು ನಡೆಸುವವನನ್ನು ಶಿಕ್ಷೆಗೆ ಗುರಿಮಾಡುತ್ತದೆ. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಓಡಾಡುವ ಹಂಗಾಮಿನಲ್ಲಂತೂ ಪೊಲೀಸರ ಲಿಖಿತ ಅನುಮತಿ ಪಡೆದು, ತಿರುವು ತಿರುವಿಗೂ ಸ್ವಯಂಸೇವಕರನ್ನು ನಿಲ್ಲಿಸಿಯೇ ಪಂದ್ಯ ನಡೆಸತಕ್ಕದ್ದು. ಇದು ತರುಣರ ಹುರುಪಿಗೆ ಅಡ್ಡಿಯಲ್ಲ. ಊರಿನ ಹಿರಿಯರೇ ಮುಂದೆ ನಿಂತು ಮಾಡಿಸಬೇಕಾದ ಏರ್ಪಾಡು.