ದಾನಿಗಳ ಶ್ರೇಣಿಗೆ ಮೊತ್ತವೊಂದೇ ಅಳತೆಗೋಲಾಗದಿರಲಿ

ಪೋಷಕರ ಆಸರೆಯಿಲ್ಲದ ಮಕ್ಕಳನ್ನು ಸಲಹುವ ಸೇವಾಸಂಸ್ಥೆಗಳು ತಮ್ಮ ದಾನಿಗಳನ್ನು ಮಹಾಪೋಷಕರು, ಪೋಷಕರು, ದಾನಿಗಳು ಎಂದು ವಿಂಗಡಿಸಿ, ಅವರ ಹೆಸರುಗಳನ್ನು ಅಮೃತಶಿಲೆಯ ಫಲಕದಲ್ಲಿ ಕೆತ್ತಿಸುವುದು ರೂಢಿ. ದಾನಿಗೆ ಮನ್ನಣೆ ಸಲ್ಲುವುದರಲ್ಲಿ ತಪ್ಪೇನೂ ಇಲ್ಲ. ಒಬ್ಬ ವರ್ತಕನ ಹೆಸರನ್ನು ಕಂಡು ಮತ್ತೊಬ್ಬ ವರ್ತಕ ಮುಂದೆ ಬರುವುದುಂಟು. ಆದರೆ ಈ ಶ್ರೇಣಿಗಳು ಒಮ್ಮೆಗೆ ನೀಡಿದ ಮೊತ್ತವನ್ನು ಮಾತ್ರ ಆಧರಿಸಿರುವುದು ಮರುಚಿಂತನೆಗೆ ಅರ್ಹವಾದ ವಿಷಯ.

2015ರ ಬಾಲನ್ಯಾಯ ಕಾಯ್ದೆಯ 46ನೇ ಪ್ರಕರಣವು, 18 ವರ್ಷ ತುಂಬಿ ಪಾಲನಾ ಸಂಸ್ಥೆಯಿಂದ ಹೊರಬರುವವರಿಗೆ ಆರ್ಥಿಕ ನೆರವು ನೀಡಲು ಅವಕಾಶ ಕಲ್ಪಿಸಿದೆ. ಈ ಅನುಪಾಲನೆಯ ಅವಧಿ ಸಾಮಾನ್ಯವಾಗಿ 21 ವರ್ಷದವರೆಗೆ. 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿಯು ಇದಕ್ಕಾಗಿ ತಿಂಗಳಿಗೆ 4,000 ರೂಪಾಯಿ ನಿಗದಿಪಡಿಸಿತು. ಕೊಠಡಿ ಬಾಡಿಗೆ, ಊಟ, ಬಸ್ ಪ್ರಯಾಣ, ಶುಲ್ಕ ಇವೆಲ್ಲಕ್ಕೂ ಈ ಹಣ ಸಾಲದೆಂಬುದನ್ನು ಪಟ್ಟಣದ ಯಾವ ವ್ಯಾಪಾರಿಗೂ ವಿವರಿಸಬೇಕಾಗಿಲ್ಲ. ಇಂತಹ ಯುವಕ ಯುವತಿಯರಿಗೆ ಬೇಕಾಗಿರುವುದು ತಿಂಗಳು ತಪ್ಪದ ಆಸರೆ.

ಒಬ್ಬ ಕಿರಾಣಿ ವರ್ತಕರು ತಿಂಗಳಿಗೆ 2,000 ರೂಪಾಯಿಯಂತೆ ಮೂರು ವರ್ಷ ನೀಡಿದರೆ ಒಟ್ಟು 72,000 ಆಗುತ್ತದೆ. ಮತ್ತೊಬ್ಬರು ಸಮಾರಂಭದಲ್ಲಿ ಒಂದು ಲಕ್ಷದ ಚೆಕ್ ನೀಡುತ್ತಾರೆ. ಈಗಿನ ಪದ್ಧತಿಯಲ್ಲಿ ಎರಡನೆಯವರ ಹೆಸರು ಮೇಲಿನ ಸಾಲಿನಲ್ಲಿರುತ್ತದೆ. ಆದರೆ ಒಬ್ಬ ತರುಣ ವ್ಯಾಸಂಗ ಮುಗಿಸುವವರೆಗೆ ಅವನ ಬೆನ್ನಿಗೆ ನಿಂತವರು ಮೊದಲನೆಯವರು.

ನಿರಂತರ ದಾನ ಕರ್ನಾಟಕದ ವಣಿಕರಿಗೆ ಹೊಸದಲ್ಲ. ಅಯ್ಯಾವೊಳೆ ಐನೂರ್ವರು ಸರಕಿನ ಹೇರಿಗೆ ಇಷ್ಟೆಂದು ತಾವೇ ಆಯವನ್ನು ವಿಧಿಸಿಕೊಂಡು ಧರ್ಮಕಾರ್ಯಗಳಿಗೆ ಬಿಟ್ಟುಕೊಟ್ಟುದನ್ನು ಶಾಸನಗಳು ದಾಖಲಿಸಿವೆ. ವ್ಯಾಪಾರ ನಡೆಯುವವರೆಗೂ ದಾನವೂ ನಡೆಯುತ್ತಿತ್ತು.

ಆದುದರಿಂದ ಸಂಸ್ಥೆಗಳು ಶ್ರೇಣಿಗಳನ್ನು ಅವಧಿ ಮತ್ತು ಉದ್ದೇಶಗಳ ಮೇಲೆ ರೂಪಿಸುವುದು ಲೇಸು: ಒಂದು ವರ್ಷದ ವಸತಿ, ಒಂದು ಐಟಿಐ ತರಬೇತಿಯ ಪೂರ್ಣ ವೆಚ್ಚ, ಮೂರು ವರ್ಷಗಳ ಅನುಪಾಲನೆ, ಹೀಗೆ. ತಮ್ಮ ಕಾರ್ಖಾನೆಯಲ್ಲಿ ಕೆಲಸ ಕಲಿಸಿ ವೇತನ ನೀಡುವ ಸಣ್ಣ ಉದ್ಯಮಿಗೂ ಫಲಕದಲ್ಲಿ ಸ್ಥಾನವಿರಬೇಕು. ಹಣ ಎಷ್ಟು ಮಂದಿಗೆ, ಯಾವುದಕ್ಕೆ ವಿನಿಯೋಗವಾಯಿತೆಂಬ ವಾರ್ಷಿಕ ಲೆಕ್ಕವನ್ನು ಪ್ರತಿ ದಾನಿಗೂ ತಲುಪಿಸಬೇಕು. ಲೆಕ್ಕಬಲ್ಲ ವರ್ತಕನಿಗೆ ಶಾಲು, ಹಾರಗಳಿಗಿಂತ ಇದೇ ಹೆಚ್ಚಿನ ಗೌರವ.

ಮನ್ನಣೆಗೆ ಕಾನೂನಿನ ಎಲ್ಲೆಯೂ ಇದೆ. ಪಾಲನೆಯಲ್ಲಿರುವ ಮಕ್ಕಳ ಹೆಸರು, ಶಾಲೆ, ಭಾವಚಿತ್ರಗಳನ್ನು ಪತ್ರಿಕೆ ಮುಂತಾದ ಮಾಧ್ಯಮಗಳಲ್ಲಿ ಪ್ರಕಟಿಸಿ ಗುರುತು ಬಹಿರಂಗಪಡಿಸುವುದನ್ನು ಅದೇ ಕಾಯ್ದೆಯ 74ನೇ ಪ್ರಕರಣ ನಿಷೇಧಿಸುತ್ತದೆ. ದಾನಿಯ ಪಕ್ಕದಲ್ಲಿ ಮಗುವನ್ನು ನಿಲ್ಲಿಸಿ ತೆಗೆದ ಚಿತ್ರವನ್ನು ಅಚ್ಚುಹಾಕಿಸುವ ಅಭ್ಯಾಸ ನಿಲ್ಲಲೇಬೇಕು. ಇನ್ನೊಬ್ಬರ ಹಂಗಿನಲ್ಲಿ ಬೆಳೆದವನೆಂಬ ಗುರುತು ನಾಳೆ ಸ್ವಂತ ಅಂಗಡಿ ತೆರೆಯಬೇಕಾದ ತರುಣನನ್ನು ಬೆನ್ನಟ್ಟಬಾರದು. ದಾನಿಯ ಹೆಸರು ಫಲಕದಲ್ಲಿ ಉಳಿಯಲಿ. ಪಡೆದವರ ಹೆಸರು ಅವರ ಸ್ವಂತ ದುಡಿಮೆಯಿಂದಲೇ ಬೆಳಗಲಿ.