ಗ್ಲ್ಯಾಡಿಯೋಲಸ್ ಗಡ್ಡೆ ಕೊಳೆ: ಹತೋಟಿ ಗಡ್ಡೆಯ ಆಯ್ಕೆಯಿಂದಲೇ ಆರಂಭ



ಹುಬ್ಬಳ್ಳಿ-ಧಾರವಾಡ ಭಾಗದಲ್ಲಿ ಗ್ಲ್ಯಾಡಿಯೋಲಸ್ ಬೆಳೆಯಲು ಉದ್ದೇಶಿಸಿರುವವರು ಔಷಧಿಗಿಂತ ಮೊದಲು ಗಡ್ಡೆಯನ್ನು ಪರೀಕ್ಷಿಸುವುದು ಅವಶ್ಯಕ. ಈ ಬೆಳೆಯನ್ನು ತೀವ್ರವಾಗಿ ಬಾಧಿಸುವ ಫ್ಯುಸೇರಿಯಂ ಸೊರಗು ಹಾಗೂ ಗಡ್ಡೆ ಕೊಳೆ ರೋಗವು ಮುಖ್ಯವಾಗಿ ಸೋಂಕಿತ ಗಡ್ಡೆಗಳ ಮೂಲಕವೇ ಹೊಲವನ್ನು ಸೇರುತ್ತದೆ. ಒಮ್ಮೆ ಸೇರಿದ ಶಿಲೀಂಧ್ರವು ಮಣ್ಣಿನಲ್ಲಿ ಹಲವು ವರ್ಷ ಉಳಿಯುತ್ತದೆ.

ರೋಗಪೀಡಿತ ಗಿಡದ ಎಲೆಗಳು ತುದಿಯಿಂದ ಹಳದಿಯಾಗಿ ಒಣಗುತ್ತವೆ. ಹೂದಂಡು ಗಿಡ್ಡವಾಗುತ್ತದೆ ಅಥವಾ ಹೊರಡುವುದೇ ಇಲ್ಲ. ಇದನ್ನು ಪೋಷಕಾಂಶದ ಕೊರತೆಯೆಂದು ಭಾವಿಸಿ ಯೂರಿಯಾ ನೀಡಿದಲ್ಲಿ ರೋಗ ಉಲ್ಬಣಿಸುತ್ತದೆ. ಸಂಶಯವಿದ್ದಲ್ಲಿ ಗಿಡವನ್ನು ಕಿತ್ತು ಗಡ್ಡೆಯನ್ನು ಸೀಳಿ ನೋಡಿರಿ. ತಿರುಳು ಕಂದಾಗಿದ್ದರೆ ಅಂತಹ ಗಿಡಗಳನ್ನು ಗಡ್ಡೆಸಹಿತ ಸುಟ್ಟುಹಾಕಿರಿ.

ಕೇಂದ್ರ ಸರ್ಕಾರವು 2020ರಲ್ಲಿ ನಿಷೇಧಕ್ಕೆ ಪ್ರಸ್ತಾಪಿಸಿದ 27 ಪೀಡೆನಾಶಕಗಳಲ್ಲಿ ಗಡ್ಡೆ ಉಪಚಾರಕ್ಕೆ ಬಳಸುವ ಕಾರ್ಬೆಂಡಜಿಮ್ ಸಹ ಇತ್ತು. 2023ರ ನಿಷೇಧ ಆದೇಶದಲ್ಲಿ ಅದು ಸೇರದಿದ್ದರೂ, ಒಂದೇ ಔಷಧಿಯನ್ನು ನೆಚ್ಚಿಕೊಳ್ಳುವುದು ಸುರಕ್ಷಿತವಲ್ಲವೆಂಬ ಎಚ್ಚರಿಕೆ ಇದರಲ್ಲಿದೆ. ಆದ್ದರಿಂದ ಈ ಕೆಳಗಿನ ಕ್ರಮಗಳನ್ನು ಒಟ್ಟಾಗಿ ಅನುಸರಿಸಿರಿ.

• ಕಲೆ, ಗಾಯ ಅಥವಾ ಮೆತ್ತಗಿನ ಭಾಗವಿರುವ ಗಡ್ಡೆಗಳನ್ನು ಖರೀದಿಸಬೇಡಿರಿ.
• ಪ್ರತಿ ಲೀಟರ್ ನೀರಿಗೆ 2 ಗ್ರಾಂ ಕಾರ್ಬೆಂಡಜಿಮ್ ಬೆರೆಸಿ, ಗಡ್ಡೆಗಳನ್ನು 30 ನಿಮಿಷ ಅದ್ದಿ, ನೆರಳಿನಲ್ಲಿ ಆರಿಸಿ ನಾಟಿ ಮಾಡಿರಿ.
• ಎರೆಭೂಮಿಯಲ್ಲಿ ಏರುಮಡಿ ಮಾಡಿ, ನೀರು ಬಸಿದುಹೋಗುವಂತೆ ನೋಡಿಕೊಳ್ಳಿರಿ.
• ರೋಗ ಕಂಡ ಹೊಲದಲ್ಲಿ 3-4 ವರ್ಷ ಜೋಳ ಅಥವಾ ಗೋವಿನಜೋಳ ಬೆಳೆಯಿರಿ.

ವಿಸ್ತರಣಾ ಕಾರ್ಯಕರ್ತರು ಈ ಮಾಹಿತಿಯನ್ನು ರೈತರಿಗೆ ಗಡ್ಡೆ ಖರೀದಿಗೆ ಮುಂಚೆಯೇ ತಲುಪಿಸಬೇಕು. ಎಲೆ ಹಳದಿಯಾದ ನಂತರ ನೀಡುವ ಸಲಹೆಯಿಂದ ಆ ಗಿಡ ಉಳಿಯುವುದು ಕಷ್ಟ.