ಫೋಟೋದಲ್ಲಿ ಒಬ್ಬ, ಗಾಡಿಯಲ್ಲಿ ಇನ್ನೊಬ್ಬ

ಬೆಂಗಳೂರಿನ ತಂದೆತಾಯಂದಿರೇ, ಟ್ಯೂಷನ್ ಮುಗಿಸಿದ ಮಗಳಿಗೆ ರಾತ್ರಿ ಎಂಟೂವರೆಗೆ ಮನೆಯಿಂದಲೇ ಕ್ಯಾಬ್ ಬುಕ್ ಮಾಡುತ್ತೀರಲ್ಲ, ಆ್ಯಪ್‌ನಲ್ಲಿರುವ ಚಾಲಕನೇ ಬಂದಿದ್ದಾನಾ ಎಂದು ಎಷ್ಟು ಜನ ಕೇಳುತ್ತೀರಿ?

ಮೊನ್ನೆ ವಿಜಯನಗರದ ಕೋಚಿಂಗ್ ಸೆಂಟರ್ ಒಂದರ ಮುಂದೆ ಕಣ್ಣಾರೆ ಕಂಡೆ. ಹುಡುಗಿಗೆ ಹದಿನೈದು ಇರಬಹುದು. ‘ಅಂಕಲ್, ಫೋಟೋದಲ್ಲಿರೋದು ನೀವಲ್ಲ’ ಎಂದಳು. ‘ಐಡಿ ಅಣ್ಣಂದು, ಗಾಡಿ ಅದೇ ಅಲ್ವಾ? ಓಟಿಪಿ ಹೇಳಮ್ಮ’ ಎಂದ ಆತ. ಅವಳು ಅಮ್ಮನಿಗೆ ಫೋನ್ ಮಾಡಿದಳು. ‘ನಂಬರ್ ಸರಿ ಇದೆ ತಾನೆ, ಕೂತ್ಕೊಂಡು ಬಾ, ಲೇಟಾಯ್ತು’ ಎಂಬ ಉತ್ತರ ಸ್ಪೀಕರ್‌ನಲ್ಲಿ ನನಗೂ ಕೇಳಿಸಿತು. ಹುಡುಗಿ ಹತ್ತಿದಳು. ನನ್ನ ಮೈ ಉರಿದುಹೋಯಿತು. ಮಗುವಿಗಿದ್ದ ಎಚ್ಚರವನ್ನು ದೊಡ್ಡವರೇ ಚಿವುಟಿ ಹಾಕಿದರು!

ಈ ಊರು ಇದನ್ನು ಮರೆಯಬಹುದೇ? 2005ರ ಡಿಸೆಂಬರ್‌ನಲ್ಲಿ, ಇಲ್ಲೇ, ಕಾಲ್ ಸೆಂಟರ್ ಕೆಲಸಕ್ಕೆ ಹೊರಟಿದ್ದ ಯುವತಿಯನ್ನು ಕರೆದೊಯ್ಯಲು ನಿಗದಿಯಾದ ಚಾಲಕನ ಬದಲು ಇನ್ನೊಬ್ಬ ಬಂದ. ಅತ್ಯಾಚಾರ ಮಾಡಿ ಕೊಂದ. 2014ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಆ್ಯಪ್ ಕ್ಯಾಬ್ ಹತ್ತಿದ ಯುವತಿಯ ಮೇಲೆ ಅತ್ಯಾಚಾರವಾದಾಗ, ಚಾಲಕನ ನಡತೆ ಪ್ರಮಾಣಪತ್ರವೇ ನಕಲಿ ಎಂದು ಗೊತ್ತಾಯಿತು. ಸ್ಟಿಯರಿಂಗ್ ಹಿಡಿದವನು ಯಾರೆಂಬುದೇ ತಿಳಿಯದಿದ್ದರೆ ಉಳಿದ ಯಾವ ಭದ್ರತೆಗೂ ಅರ್ಥವಿಲ್ಲ.

2025ರಲ್ಲಿ ಊಬರ್ ಭಾರತದಲ್ಲಿ 13ರಿಂದ 17 ವರ್ಷದವರಿಗೆಂದೇ ಸೇವೆ ಶುರುಮಾಡಿತು. ಪಿನ್ ಇದೆ, ಗಾಡಿ ಎಲ್ಲಿದೆ ಎಂದು ಪೋಷಕರು ನೋಡುತ್ತಿರಬಹುದು, ಆಡಿಯೋ ರೆಕಾರ್ಡ್ ಮಾಡಬಹುದು. ಬೇಕಾದದ್ದೇ. ಆದರೆ ಮ್ಯಾಪ್‌ನಲ್ಲಿ ಓಡುವ ಚುಕ್ಕಿ ಗಾಡಿಯದು, ಓಡಿಸುವವನದಲ್ಲ. ಅದನ್ನು ನೋಡುತ್ತಾ ನೀವು ನೆಮ್ಮದಿಯಾಗಿ ಅಡುಗೆ ಮಾಡುತ್ತೀರಿ. ಒಳಗೆ ನಿಮ್ಮ ಮಗು ಹೆಸರು ಗೊತ್ತಿಲ್ಲದವನ ಜೊತೆ ಕೂತಿರುತ್ತದೆ.

ಹೊಟ್ಟೆಪಾಡಿಗಾಗಿ ಇನ್ನೊಬ್ಬರ ಐಡಿಯಲ್ಲಿ ಓಡಿಸುವವರ ಕಷ್ಟ ನನಗೂ ಅರ್ಥವಾಗುತ್ತದೆ. ಅವರೆಲ್ಲ ಕೆಟ್ಟವರೆಂದು ಹೇಳುತ್ತಿಲ್ಲ. ಆದರೆ ಸಾವಿರ ಜನ ಒಳ್ಳೆಯವರು ಈ ಸುಳ್ಳನ್ನು ಮಾಮೂಲಿ ಮಾಡಿಟ್ಟರೆ, ಕೆಟ್ಟವನೊಬ್ಬ ಅದೇ ಬಾಗಿಲಿನಿಂದ ಒಳಗೆ ಬರುತ್ತಾನೆ. ಕಮಿಷನ್‌ನ ಒಂದೊಂದು ರೂಪಾಯಿಯನ್ನೂ ಲೆಕ್ಕ ಹಾಕಿ ಮುರಿದುಕೊಳ್ಳುವ ಕಂಪನಿಗಳಿಗೆ, ಗಾಡಿ ಓಡಿಸುವವನ ಮುಖವನ್ನು ಪ್ರತಿ ಸಲ ಖಾತ್ರಿ ಮಾಡಿಕೊಳ್ಳಲು ಆಗುವುದಿಲ್ಲವೇ? ಇದನ್ನು ನಾನು ಕ್ಷಮಿಸಲಾರೆ.

ದಯವಿಟ್ಟು ಕೇಳಿ. ಮುಖ ಹೊಂದುವವರೆಗೆ ಓಟಿಪಿ ಹೇಳಬೇಡ ಎಂದು ಮಕ್ಕಳಿಗೆ ಹೇಳಿಕೊಡಿ. ‘ಇವರು ಬೇರೆಯವರು’ ಎಂದು ಫೋನ್ ಬಂದರೆ ಬೈಯಬೇಡಿ, ರೈಡ್ ಕ್ಯಾನ್ಸಲ್ ಮಾಡಿ, ನೀವೇ ಹೋಗಿ ಕರೆತನ್ನಿ. ಹೆದರಿಕೆಯಾದರೆ 112ಕ್ಕೆ ಕರೆ ಮಾಡಲಿ. ಕಂಪನಿಗೆ ದೂರು ಕೊಡಿ. ದುಡ್ಡು ವಾಪಸ್ ಮಾಡಿ ಕೈತೊಳೆದುಕೊಂಡರೆ ಸುಮ್ಮನಾಗಬೇಡಿ, ಬಂದವನು ಯಾರು ಎಂಬುದಕ್ಕೆ ಉತ್ತರ ಕೇಳಿ. ಇವತ್ತು ರಾತ್ರಿಯೂ ನಿಮ್ಮಲ್ಲಿ ಎಷ್ಟೋ ಜನ ಬುಕ್ ಮಾಡುತ್ತೀರಿ. ಇವತ್ತೇ ಕೇಳಿ.